ಗುಡ್ಡ ಬಳಸಿ ಬಂದ 444.4 ಮೀಟರ್

ತರಂಗಾಂತರ 444.4 ಮೀಟರ್, ಅಂದರೆ 675 ಕಿಲೋಹರ್ಟ್ಸ್. ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರಿಗೆ ಈ ಅಂಕಿಗಳು ಬಾಯಿಪಾಠ. ಎರಡನ್ನೂ ಗುಣಿಸಿ ನೋಡಿದವರು ಮಾತ್ರ ಕಡಿಮೆ. ಸೆಕೆಂಡಿಗೆ 6,75,000 ಅಲೆ, ಒಂದೊಂದರ ಉದ್ದ 444.4 ಮೀಟರ್, ಗುಣಿಸಿದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಬೆಳಕಿನ ವೇಗ! ಬೆಂಗಳೂರಿನ 612 ಕಿಲೋಹರ್ಟ್ಸ್, 490.2 ಮೀಟರ್ ಹಿಡಿದರೂ ಉತ್ತರ ಅದೇ. ಶಾಲೆಯಲ್ಲಿ ಮಕ್ಕಳು ಉರುಹೊಡೆಯುವ ‘ವೇಗ = ಆವೃತ್ತಿ × ತರಂಗದೂರ’ ಸೂತ್ರವನ್ನು ಉದ್ಘೋಷಕರು ದಿನಾ ಹೇಳುತ್ತಿದ್ದರು.

ರೇಡಿಯೋ ಅಲೆಯನ್ನು ಮೊದಲು ಅಳೆದವನು ಜರ್ಮನಿಯ ಹೈನ್ರಿಕ್ ಹರ್ಟ್ಸ್, 1888ರಲ್ಲಿ. ಕೋಣೆಯ ಗೋಡೆಗೆ ಸತುವಿನ ತಗಡು ಹೊಡೆದು, ಎದುರಿನಿಂದ ಕಿಡಿ ಹಾರಿಸಿ ಅಲೆ ಎಬ್ಬಿಸಿದ. ಹೋದ ಅಲೆಯೂ ತಗಡಿಗೆ ಬಡಿದು ಮರಳಿದ ಅಲೆಯೂ ಕೂಡಿ ಸ್ಥಿರ ತರಂಗವಾಯಿತು. ಬಾಯಿ ಬಿಟ್ಟ ತಂತಿಯ ಬಳೆ ಹಿಡಿದು ನಡೆದರೆ ಒಂದೆಡೆ ಸಂದಿನಲ್ಲಿ ಕಿಡಿ, ಮುಂದೆ ಇಲ್ಲ, ಮತ್ತೆ ಕಿಡಿ. ಕಿಡಿ ಕಾಣದ ಎರಡು ಜಾಗಗಳ ನಡುವಿನ ಅಂತರವೇ ಅರ್ಧ ತರಂಗದೂರ.

ಇಂಥ ಅಲೆಯ ಮೇಲೆ ಕನ್ನಡ ಹೊರಿಸಿದವರು ಭೌತಶಾಸ್ತ್ರದವರಲ್ಲ. ಮೈಸೂರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮನೆಯಲ್ಲೇ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ಭದ್ರಾವತಿ ಕೇಂದ್ರ ಬಂದದ್ದು 1965ರಲ್ಲಿ.

ಭದ್ರಾವತಿಗೂ ಚಾರ್ಮಾಡಿ ಘಾಟಿಯ ಹತ್ತಿರದ ಬಣಕಲ್‌ಗೂ ನಡುವೆ ಗುಡ್ಡದ ಹಿಂದೆ ಗುಡ್ಡ. ಮಾತು ಹೇಗೆ ದಾಟಿತು? ಅಡ್ಡ ನಿಂತದ್ದರ ಅಂಚಿನಲ್ಲಿ ಅಲೆ ಬಾಗುತ್ತದೆ. ಅಲೆ ಉದ್ದವಾದಷ್ಟೂ ಬಾಗು ಹೆಚ್ಚು. ಇದು ವಿವರ್ತನೆ. ಅರ್ಧ ಕಿಲೋಮೀಟರಿಗೆ ಸಮೀಪದ ಅಲೆ ನೆಲ ಹಿಡಿದು, ಗುಡ್ಡ ಬಳಸಿ ಕಣಿವೆಯ ತೋಟಕ್ಕೂ ಇಳಿಯುತ್ತದೆ. ಎಫ್‌ಎಂ ಅಲೆ ಸುಮಾರು 3 ಮೀಟರ್. 900 ಮೆಗಾಹರ್ಟ್ಸ್‌ನ ಮೊಬೈಲ್ ಅಲೆ ಬರೀ 33 ಸೆಂಟಿಮೀಟರ್. ಗುಡ್ಡದ ಮರೆಗೆ ಇವು ಅಷ್ಟಾಗಿ ಇಳಿಯವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಫೋನ್ ಕಟ್ಟಾದರೆ ಕಂಪನಿಯನ್ನು ಬೈಯುವ ಮುನ್ನ ಇದೂ ನೆನಪಿರಲಿ. (ಬೈಯಬಾರದೆಂದಲ್ಲ.)

ಭದ್ರಾವತಿಯಂಥ ಉದ್ದ ಅಲೆಯ ಮೀಡಿಯಂ ವೇವ್‌ಗೂ ಅದರದೇ ಕಾಟ ಇತ್ತು. ಕಾಫಿ ಅರಳಿಸುವ ಹೂಮಳೆಯ ಸಂಜೆ ಪ್ರದೇಶ ಸಮಾಚಾರದ ನಡುವೆ ರೇಡಿಯೋ ‘ಕರ್ರ್’ ಎನ್ನುತ್ತಿತ್ತು. ಮಿಂಚೂ ಹರ್ಟ್ಸ್ ಹಾರಿಸಿದಂಥದೇ ಕಿಡಿ, ಭಾರೀ ಗಾತ್ರದ್ದು; ಅದರ ರೇಡಿಯೋ ಅಲೆ ಬೆಳಕಿನ ಜತೆಗೇ ಬಂದು ಮುಟ್ಟುತ್ತದೆ. ಗುಡುಗು ಶಬ್ದದ ಅಲೆ, ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೆ. ‘ಕರ್ರ್’ ಎಂದಲ್ಲಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ 3ರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರದ್ದೆಂದು ಗೊತ್ತಾಗುತ್ತದೆ. 9 ಎಣಿಸಿದರೆ 3 ಕಿಲೋಮೀಟರ್. 3ಕ್ಕೇ ಗುಡುಗಿದರೆ ರೇಡಿಯೋದ ಪ್ಲಗ್ ಮುಟ್ಟಬಾರದು; ಅದನ್ನು ಕೀಳಬೇಕಾದ್ದು ಮಿಂಚು ಹತ್ತಿರ ಬರುವ ಮೊದಲೇ.