ಕಷ್ಟಕ್ಕೆ ಒಂದು ಸಾಲು, ಕೆಲಸಕ್ಕೆ ಒಂದು ಪುಟ

ಫ್ರೀಲ್ಯಾನ್ಸ್ ಕೆಲಸ ಹಿಡಿಯುವುದು ಹೇಗೆ ಎಂದು ಹೇಳಿಕೊಡುವ ವಿಡಿಯೊಗಳಿಗೆ ಬರವಿಲ್ಲ. ಹಿಡಿದ ಕೆಲಸವನ್ನು ಅರ್ಧದಲ್ಲಿ ಬಿಡಬೇಕಾಗಿ ಬಂದರೆ ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ಆಫೀಸ್ ಕೆಲಸವಾದರೆ ರಜೆ ಉಂಟು, ಎಚ್‌ಆರ್ ಇರುತ್ತಾರೆ, ಪಕ್ಕದ ಸೀಟಿನವರು ಎರಡು ದಿನ ಸುಧಾರಿಸುತ್ತಾರೆ. ನಮಗೆ ರಜೆ ಕೊಡುವವರೂ ನಾವೇ, ಆ ದಿನದ ದುಡ್ಡು ಕಳೆದುಕೊಳ್ಳುವವರೂ ನಾವೇ.

ನಾನು ಒಂಬತ್ತು ವರ್ಷಗಳಿಂದ ಮಂಗಳೂರಿನ ಬಲ್ಮಠದಲ್ಲಿ ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತಿದ್ದೇನೆ. ಈ ಊರಿಗೆ ಇಂಥ ಕಥೆ ಹೊಸದಲ್ಲ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಹೆಂಡತಿಯ ಆರೋಗ್ಯ ಕೆಟ್ಟಾಗ, 1860ರಲ್ಲಿ ಅವರೂ ಇಲ್ಲಿನ ಕೆಲಸ ಬಿಟ್ಟು ಜರ್ಮನಿಗೆ ಮರಳಬೇಕಾಯಿತು. ಕನ್ನಡದ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಅದೇ ಮಿಷನ್ನಿನ ಕಿಟೆಲ್ ಅವರ ನಿಘಂಟು 1894ರಲ್ಲಿ ಇಲ್ಲಿಯ ಮುದ್ರಣಾಲಯದಿಂದಲೇ ಹೊರಬಂತು. ಮನೆಯ ಕಷ್ಟ ಯಾರನ್ನೂ ಬಿಟ್ಟಿಲ್ಲ. ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬರು ಮುಂದುವರಿಸುವ ಹಾಗೆ ಇಟ್ಟುಹೋಗುವುದಷ್ಟೇ ನಮ್ಮ ಕೈಯಲ್ಲಿರುವುದು.

ಬಿಡುವುದಾ, ನಿಲ್ಲಿಸುವುದಾ?

ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಅಣ್ಣ ದುಬೈಯಲ್ಲಿ. ಅಮ್ಮನಿಗೆ ಮೊಣಕಾಲು ನೋವು. ನನ್ನ ಕೈಯಲ್ಲಿ ಬೆಂಗಳೂರಿನ ಒಂದು ಕಂಪನಿಯ ತರಬೇತಿ ಪಾಠಗಳ ಅನುವಾದ ಇತ್ತು: ಹನ್ನೆರಡು ಪಾಠ, ಒಂದಕ್ಕೆ 9,000 ರೂಪಾಯಿ. ಏಳು ಮುಗಿದಿದ್ದವು, ಎಂಟನೆಯದು ಅರ್ಧ ಆಗಿತ್ತು. ಆಸ್ಪತ್ರೆಯ ಬಿಲ್ ಏರುವ ಹೊತ್ತಿಗೇ ಬರುವ ದುಡ್ಡನ್ನು ಬೇಡ ಅನ್ನುವುದು ಸುಲಭವಲ್ಲ ಮಾರಾಯ್ರೆ.

ಆಗ ಒಂದು ಹಾಳೆಯಲ್ಲಿ ಗಂಟೆಗಳ ಲೆಕ್ಕ ಬರೆದೆ. ಫಿಸಿಯೋಥೆರಪಿ, ಊಟ, ಸ್ನಾನ, ಔಷಧಿ, ರಾತ್ರಿ ಎರಡು ಸಲ ಏಳುವುದು. ವಾರಕ್ಕೆ ಉಳಿದದ್ದು ಎಂಟು ಗಂಟೆ. ಕೆಲಸಕ್ಕೆ ಬೇಕಿದ್ದದ್ದು ಇಪ್ಪತ್ತೈದು. ಭಾವನೆಯನ್ನು ಬದಿಗಿಟ್ಟು ನೋಡಿದರೆ ಉತ್ತರ ಆ ಹಾಳೆಯಲ್ಲೇ ಇತ್ತು.

ನಿಮ್ಮ ಲೆಕ್ಕ ಬೇರೆ ಇರಬಹುದು. ಕಷ್ಟ ಎರಡು ಮೂರು ವಾರದ್ದಾದರೆ ಬಿಡುವ ಬದಲು ಸಮಯ ಕೇಳಿ. ಇಬ್ಬರೂ ಒಪ್ಪಿದರೆ ಒಪ್ಪಂದವನ್ನು ಬದಲಾಯಿಸಬಹುದು, ರದ್ದು ಮಾಡಬಹುದು, ಗಡುವು ವಿಸ್ತರಿಸಬಹುದು. 1872ರ ಭಾರತೀಯ ಒಪ್ಪಂದ ಕಾಯ್ದೆಯ 62 ಮತ್ತು 63ನೇ ಸೆಕ್ಷನ್‌ಗಳಲ್ಲಿ ಇದಕ್ಕೆ ಜಾಗ ಉಂಟು. ಆದರೆ ಯಾವಾಗ ಮುಗಿಯುತ್ತದೆಂದು ನಿಮಗೇ ಗೊತ್ತಿಲ್ಲದ ಕಷ್ಟಕ್ಕೆ ‘ಇನ್ನೊಂದು ವಾರ, ಇನ್ನೊಂದು ವಾರ’ ಅನ್ನಬೇಡಿ. ಅದು ಇಬ್ಬರಿಗೂ ಹಿಂಸೆ.

ಕಾನೂನು ಏನು ಹೇಳುತ್ತದೆ?

ಮೊದಲು ನಿಮ್ಮ ಒಪ್ಪಂದ ಓದಿ. ನೋಡಬೇಕಾದ್ದು ಮೂರು: ಎಷ್ಟು ದಿನದ ನೋಟಿಸ್, ಅರ್ಧ ಕೆಲಸಕ್ಕೆ ದುಡ್ಡು ಹೇಗೆ, ದಂಡದ ಮಾತು ಇದೆಯಾ. ಒಪ್ಪಂದ ಬರೀ ಇಮೇಲ್‌ನಲ್ಲಿದ್ದರೆ ಆ ಇಮೇಲ್‌ಗಳನ್ನೇ ಓದಿ.

‘ಬಿಟ್ಟರೆ ಕೋರ್ಟಿಗೆ ಎಳೆದು ಕೆಲಸ ಮಾಡಿಸುತ್ತಾರಾ?’ ಎಂದು ಹೊಸಬರು ಕೇಳುತ್ತಾರೆ. ಇಲ್ಲ. ವ್ಯಕ್ತಿಯ ಸ್ವಂತ ಕೌಶಲವನ್ನೇ ನಂಬಿದ ಕೆಲಸವನ್ನು ಬಲವಂತವಾಗಿ ಮಾಡಿಸಲು ಬರುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಸೆಕ್ಷನ್ ಇದನ್ನು ಹೇಳುತ್ತದೆ. ಆದರೆ ನಿಮ್ಮಿಂದಾದ ನಷ್ಟಕ್ಕೆ ಪರಿಹಾರ ಕೇಳಬಹುದು. ಒಪ್ಪಂದ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ ಅದು ನೇರವಾದ ನಷ್ಟಕ್ಕೆ ಮಾತ್ರ, ದೂರದ ನಷ್ಟಕ್ಕಲ್ಲ. ದಂಡದ ಮೊತ್ತ ಬರೆದಿದ್ದರೂ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯಯುತ ಪರಿಹಾರ. ಬರೆದ ಮೊತ್ತವೇ ಅದರ ಮೇಲ್ಮಿತಿ.

ಹಾಗೆಂದು ‘ಮನೆಯಲ್ಲಿ ಕಷ್ಟ, ಆದ್ದರಿಂದ ಒಪ್ಪಂದವೇ ಮುಗಿಯಿತು’ ಎನ್ನಲಾಗದು. 56ನೇ ಸೆಕ್ಷನ್ ಹೇಳುವುದು ಅಸಾಧ್ಯವಾದ ಕೆಲಸದ ಬಗ್ಗೆ, ಕಷ್ಟವಾದ ಕೆಲಸದ ಬಗ್ಗೆ ಅಲ್ಲ. ಆದ್ದರಿಂದ ಬೇಗ ಹೇಳುವುದು ಬರೀ ಮರ್ಯಾದೆಯ ವಿಷಯವಲ್ಲ. ನೀವು ಬೇಗ ಹೇಳಿದಷ್ಟೂ ಅವರ ನಷ್ಟ ಕಡಿಮೆ, ನಿಮ್ಮ ಹೊಣೆಯೂ ಕಡಿಮೆ. ದೊಡ್ಡ ಮೊತ್ತವಾದರೆ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ.

ಎಷ್ಟು ಹೇಳಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಕೆಲವರು ಸಂಕೋಚದಿಂದ ಏನೂ ಹೇಳದೆ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಸ್ಕ್ಯಾನ್ ರಿಪೋರ್ಟ್ ಸಮೇತ ಮನೆಯ ಕಥೆಯೆಲ್ಲ ಬರೆಯುತ್ತಾರೆ. ಎರಡೂ ಬೇಡ.

ನಾನು ಆಚೆ ಬದಿಯಲ್ಲೂ ಇದ್ದವಳು. ಒಮ್ಮೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಡಿಸೈನರ್ ಹತ್ತು ದಿನ ಸಂಪರ್ಕಕ್ಕೆ ಸಿಗಲಿಲ್ಲ. ಅವರ ತಾಯಿ ತೀರಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಒಂದು ಸಾಲಿನ ಮೆಸೇಜ್ ಬಂದಿದ್ದರೂ ಸಾಕಿತ್ತು, ಆ ಹತ್ತು ದಿನ ನಾನು ಬೇರೆ ವ್ಯವಸ್ಥೆ ಮಾಡುತ್ತಿದ್ದೆ. ಕ್ಲೈಂಟ್‌ಗೆ ನಿಮ್ಮ ಕಷ್ಟದ ವಿವರ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ತಾನೇನು ಮಾಡಬೇಕು ಅನ್ನುವುದು ಬೇಕು.

ಮೊದಲು ಫೋನ್ ಮಾಡಿ, ಅದೇ ದಿನ ಇಮೇಲ್ ಕಳಿಸಿ. ನಾನು ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

“ನಮಸ್ಕಾರ ಮೇಡಂ, ಮನೆಯಲ್ಲಿ ತಂದೆಯವರಿಗೆ ತೀವ್ರ ಅನಾರೋಗ್ಯ. ಅವರನ್ನು ನಾನೇ ನೋಡಿಕೊಳ್ಳಬೇಕಾಗಿರುವುದರಿಂದ ಈ ಕೆಲಸವನ್ನು ಮುಂದುವರಿಸಲು ಆಗುತ್ತಿಲ್ಲ. ಒಪ್ಪಂದದಂತೆ 15 ದಿನಗಳ ನೋಟಿಸ್ ನೀಡುತ್ತಿದ್ದೇನೆ. 1ರಿಂದ 7ನೇ ಪಾಠ ಪೂರ್ಣ. 8ನೆಯದು ಅರ್ಧ ಆಗಿದೆ. ಅದನ್ನು ಇದ್ದಂತೆಯೇ ಕೊಡಲೇ, ಕೈಬಿಡಲೇ ಎಂದು ದಯವಿಟ್ಟು ತಿಳಿಸಿ. 9ರಿಂದ 12 ಆರಂಭಿಸಿಲ್ಲ. ಪದಪಟ್ಟಿ ಮತ್ತು ಟಿಪ್ಪಣಿಗಳನ್ನು ಶುಕ್ರವಾರದೊಳಗೆ ಕಳಿಸುತ್ತೇನೆ. ಮುಂದುವರಿಸುವವರಿಗೆ ಅನುಮಾನಗಳಿದ್ದರೆ ಈ 15 ದಿನಗಳಲ್ಲಿ ಸಂಜೆ 8ರಿಂದ 9ರ ನಡುವೆ ಫೋನಿನಲ್ಲಿ ಸಿಗುತ್ತೇನೆ.”

ಗಮನಿಸಿ, ಅಪ್ಪನ ವಿಷಯ ಒಂದೆರಡು ಸಾಲು. ಉಳಿದದ್ದೆಲ್ಲ ಕೆಲಸ. ಹತ್ತು ಸಲ ಕ್ಷಮೆ ಕೇಳಿಲ್ಲ. ಆಯ್ಕೆ ಇರುವ ಕಡೆ ಆಯ್ಕೆಯನ್ನು ಅವರಿಗೇ ಬಿಟ್ಟಿದ್ದೇನೆ. ಸಿಗುವ ಹೊತ್ತನ್ನೂ ಹೇಳಿದ್ದೇನೆ, ಇಲ್ಲದಿದ್ದರೆ ಆಸ್ಪತ್ರೆಯ ವಾರ್ಡಿನಲ್ಲೂ ಫೋನ್ ಬರುತ್ತದೆ.

ಫೋನಿನಲ್ಲಿ ಅವರು ಮೊದಲು ಕೇಳಿದ್ದು, “ಎಂಟನೇ ಪಾಠವನ್ನಾದರೂ ಮುಗಿಸಿಕೊಡ್ತೀರಾ?” ಅಂತ. “ಒಪ್ಪಿಕೊಂಡು ಆಮೇಲೆ ಆಗದೇ ಹೋದರೆ ನಿಮಗೇ ತೊಂದರೆ ಮೇಡಂ, ಆಗೋದಿಲ್ಲ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಇದ್ದಷ್ಟು ಕೊಡಿ” ಅಂದರು. ಪಾಪಪ್ರಜ್ಞೆಯಿಂದ ಹೊಸ ಮಾತು ಕೊಡಬೇಡಿ. ಮುರಿದರೆ ಅದು ಮೊದಲಿನದಕ್ಕಿಂತ ದೊಡ್ಡ ತಪ್ಪಾಗುತ್ತದೆ.

ಬೇರೆಯವರನ್ನು ತೋರಿಸಬೇಕಾ?

ತೋರಿಸಿದರೆ ಒಳ್ಳೆಯದು, ಕಡ್ಡಾಯವಲ್ಲ. ಆದರೆ ಹೇಳದೆ ಕೇಳದೆ ಗೆಳತಿಗೆ ಕೆಲಸ ದಾಟಿಸಬೇಡಿ. ನಿಮ್ಮನ್ನೇ ನಂಬಿ ಕೊಟ್ಟ ಕೆಲಸವನ್ನು ನೀವೇ ಮಾಡಬೇಕು ಅನ್ನುವುದು ಒಪ್ಪಂದ ಕಾಯ್ದೆಯ 40ನೇ ಸೆಕ್ಷನ್‌ನಲ್ಲೂ ಇದೆ. ಎರಡು ಹೆಸರು ಸೂಚಿಸಿ, ಅದೂ ಅವರ ಒಪ್ಪಿಗೆ ಕೇಳಿದ ಮೇಲೆ. ದರ ಮಾತಾಡುವುದು, ಗುಣಮಟ್ಟ ನೋಡುವುದು ಕ್ಲೈಂಟ್‌ಗೆ ಬಿಟ್ಟದ್ದು.

ದುಡ್ಡಿನ ಲೆಕ್ಕ

ಸಂಕೋಚದಲ್ಲಿ ಬಾಕಿ ಬಿಟ್ಟುಬಿಡಬೇಡಿ. ಮಾಡಿದ ಕೆಲಸದ ದುಡ್ಡು ದಾನವಲ್ಲ. ನನ್ನ ಲೆಕ್ಕ: ಏಳು ಪಾಠಕ್ಕೆ 63,000, ಅರ್ಧ ಪಾಠಕ್ಕೆ ಇಬ್ಬರೂ ಒಪ್ಪಿದ 4,500, ಒಟ್ಟು 67,500. ಮುಂಗಡವೂ ಸೇರಿ ಬಂದಿದ್ದದ್ದು 54,000. ಬಾಕಿ 13,500. ನೋಟಿಸ್ ಕೊಟ್ಟ ವಾರವೇ ಇನ್‌ವಾಯ್ಸ್ ಕಳಿಸಿದೆ. ಮುಂಗಡ ಕೆಲಸಕ್ಕಿಂತ ಹೆಚ್ಚಾಗಿದ್ದರೆ ಅವರು ಕೇಳುವ ಮೊದಲೇ ವಾಪಸ್ ಮಾಡುವ ದಿನ ಹೇಳಿ. ಒಮ್ಮೆಗೆ ಆಗದಿದ್ದರೆ ಕಂತು ಕೇಳಿ, ಅದನ್ನೂ ಬರಹದಲ್ಲಿ.

ಕತ್ತರಿಸಿದ ಟಿಡಿಎಸ್ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯಾ ಎಂದು ಆಮೇಲೆ ನೋಡಿಕೊಳ್ಳಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಫ್ರೀಲ್ಯಾನ್ಸರ್‌ಗಳೂ ‘ಉದ್ಯಮ್’ ನೋಂದಣಿ ಮಾಡಿಸಬಹುದು, ಅದು ಉಚಿತ. ನೋಂದಾಯಿಸಿದ ಸಣ್ಣ ಉದ್ಯಮಕ್ಕೆ, ಕೆಲಸ ಒಪ್ಪಿಕೊಂಡ ಮೇಲೆ, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು ಎನ್ನುತ್ತದೆ 2006ರ ಎಂಎಸ್‌ಎಂಇಡಿ ಕಾಯ್ದೆ. ತಡವಾದರೆ ಬಡ್ಡಿಯೂ ಸೇರುತ್ತದೆ.

ಹೊರಡುವ ಮುನ್ನ

ಫೈಲ್‌ಗಳನ್ನು ‘ಮುಗಿದದ್ದು’, ‘ಅರ್ಧ’, ‘ಮೂಲ’ ಎಂದು ಮೂರು ಫೋಲ್ಡರ್ ಮಾಡಿ ಕೊಡಿ. ನಿಮ್ಮ ತಲೆಯಲ್ಲಷ್ಟೇ ಇರುವ ತೀರ್ಮಾನಗಳನ್ನು ಒಂದು ಪುಟ ಬರೆಯಿರಿ: ಯಾವ ಪದಕ್ಕೆ ಯಾವ ಕನ್ನಡ, ಯಾಕೆ, ಯಾರು ಒಪ್ಪಿದ್ದು. ಹಂಚಿಕೊಂಡ ಪಾಸ್‌ವರ್ಡ್ ಬದಲಿಸಲು ಹೇಳಿ, ನಿಮ್ಮ ಲಾಗಿನ್ ತೆಗೆಸಿಕೊಳ್ಳಿ. ಕೊನೆಗೆ, ‘ಎರಡೂ ಕಡೆ ಬಾಕಿ ಇಲ್ಲ’ ಎಂಬ ಒಂದು ಸಾಲಿನ ಇಮೇಲ್ ಕೇಳಿ ಪಡೆಯಿರಿ.

ಎಲ್ಲರೂ ಒಳ್ಳೆಯ ಮಾತಲ್ಲೇ ಬೀಳ್ಕೊಡುತ್ತಾರೆ ಎಂದಿಲ್ಲ. ಸಿಟ್ಟಾದರೆ ಆಗಲಿ, ಅವರಿಗೂ ಮೇಲಿನವರಿಗೆ ಉತ್ತರ ಕೊಡಬೇಕಾಗಿರುತ್ತದೆ. ವಾಟ್ಸಾಪ್‌ನಲ್ಲಿ ವಾದ ಬೇಡ. “ನಿಮ್ಮ ತೊಂದರೆ ಅರ್ಥವಾಗುತ್ತದೆ, ಹಸ್ತಾಂತರ ಶುಕ್ರವಾರ ಮುಗಿಯುತ್ತದೆ” ಎಂದು ಬರೆದು ನಿಲ್ಲಿಸಿ.

ಮುಂದಿನ ಒಪ್ಪಂದಕ್ಕೆ ಸಹಿ ಹಾಕುವಾಗ ಎರಡು ಸಾಲು ಸೇರಿಸಿ ಎನ್ನಿ: ಯಾರೇ ಆದರೂ 15 ದಿನದ ನೋಟಿಸ್ ಕೊಟ್ಟು ಹೊರಬರಬಹುದು, ಅಲ್ಲಿಯವರೆಗೆ ಮುಗಿದ ಕೆಲಸಕ್ಕೆ ಹಣ ಕೊಡಬೇಕು. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾಗಲೇ ಇದನ್ನು ಕೇಳಬೇಕು. ಈಗ ನನ್ನ ಪ್ರತಿ ಒಪ್ಪಂದದಲ್ಲೂ ಈ ಎರಡು ಸಾಲು ಇವೆ. ಇಲ್ಲಿಯವರೆಗೆ ಯಾರೂ ಬೇಡ ಅಂದಿಲ್ಲ.