‘ತಕ್ಕದ್ದು’ ಮತ್ತು ‘ಬಹುದು’: ಅಂಗವೈಕಲ್ಯ ಹಕ್ಕುಗಳ ಕಾನೂನನ್ನು ಓದುವ ಒಂದು ಬಗೆ

ಅಧಿನಿಯಮಗಳ ಕನ್ನಡ ಪಾಠಗಳನ್ನು ಓದಿದವರಿಗೆ ‘ಮಾಡತಕ್ಕದ್ದು’, ‘ಒದಗಿಸತಕ್ಕದ್ದು’ ಎಂಬ ಕ್ರಿಯಾರೂಪಗಳ ಪರಿಚಯ ಇದ್ದೇ ಇರುತ್ತದೆ. ಹಳಗನ್ನಡದಲ್ಲಿ ಔಚಿತ್ಯವನ್ನು, ಯೋಗ್ಯತೆಯನ್ನು ಸೂಚಿಸುತ್ತಿದ್ದ ‘ತಕ್ಕುದು’ ಇಲ್ಲಿ ಕಡ್ಡಾಯವನ್ನು ಸೂಚಿಸುತ್ತದೆ. ಅದರ ಪಕ್ಕದಲ್ಲಿಯೇ ‘ಮಾಡಬಹುದು’ ಎಂಬ ಇನ್ನೊಂದು ರೂಪವಿದೆ. ಮೊದಲನೆಯದು ಇರುವಲ್ಲಿ ಪ್ರಜೆಯು ನ್ಯಾಯಾಲಯದ ಬಾಗಿಲು ತಟ್ಟಲು ಸಾಧ್ಯ. ಎರಡನೆಯದು ಇರುವಲ್ಲಿ ಅಧಿಕಾರಿಯ ಕೃಪೆಯನ್ನು ಕಾಯಬೇಕಾಗುತ್ತದೆ. ಭಾರತದಲ್ಲಿ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳು ಕಳೆದ ಮೂರು ದಶಕಗಳಲ್ಲಿ ಎಷ್ಟು ದೂರ ಸಾಗಿ ಬಂದಿವೆ ಎಂಬುದನ್ನು ಈ ಎರಡು ಕ್ರಿಯಾರೂಪಗಳ ನಡುವಿನ ಅಂತರದಲ್ಲಿ ಅಳೆಯಬಹುದೆಂಬುದು ಪ್ರಸ್ತುತ ಲೇಖನದ ವಾದ. ನಮ್ಮ ಚರ್ಚೆಗಳು ಬಹುಮಟ್ಟಿಗೆ ನಾಮಪದದ ಸುತ್ತ, ಅಂದರೆ ಈ ವ್ಯಕ್ತಿಗಳನ್ನು ಏನೆಂದು ಕರೆಯಬೇಕು ಎಂಬುದರ ಸುತ್ತ ನಡೆದಿವೆ. ಕ್ರಿಯಾಪದದ ಕಡೆಗೆ ನಮ್ಮ ಗಮನ ಹರಿದದ್ದು ಕಡಿಮೆ.

ನಾಮಪದದ ಕಥೆಯನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಕರ್ನಾಟಕದಲ್ಲಿ ‘ಅಂಗವಿಕಲರ ಕಲ್ಯಾಣ ಇಲಾಖೆ’ ಎಂದಿದ್ದುದು ಮುಂದೆ ‘ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’ಯಾಯಿತು. ‘ಕಲ್ಯಾಣ’ ಹೋಗಿ ‘ಸಬಲೀಕರಣ’ ಬಂದದ್ದು ಅರ್ಥಪೂರ್ಣವಾದ ಬದಲಾವಣೆಯೇ ಸರಿ. ಆದರೆ ‘ವಿಕಲಚೇತನ’ ಎಂಬ ಸಮಾಸವನ್ನು ಬಿಡಿಸಿ ನೋಡಿದರೆ ತೊಡಕು ಎದುರಾಗುತ್ತದೆ. ‘ಅಂಗವಿಕಲ’ ಎನ್ನುವಾಗ ಊನವು ಅಂಗಕ್ಕೆ ಸೀಮಿತವಾಗಿರುತ್ತದೆ. ‘ವಿಕಲವಾದ ಚೇತನವುಳ್ಳವನು’ ಎಂದು ಬಹುವ್ರೀಹಿಯಾಗಿ ಬಿಡಿಸಿದಾಗ ಅದು ಚೇತನವನ್ನೇ ಆವರಿಸಿಬಿಡುತ್ತದೆ. ಗೌರವಿಸಲೆಂದು ತಂದ ಪದವು ವ್ಯಾಕರಣದ ದೃಷ್ಟಿಯಿಂದ ಹಿಂದಿನದಕ್ಕಿಂತ ಕಠೋರವಾಗಿದೆ ಎಂಬುದನ್ನು ಕನ್ನಡ ವಿಭಾಗಗಳಾದರೂ ಗುರುತಿಸಬೇಕಿತ್ತು. ಕೇಂದ್ರ ಸರ್ಕಾರದ ಹಿಂದಿ ಬಳಕೆಯಲ್ಲಿ ೨೦೧೬ರ ವೇಳೆಗೆ ನೆಲೆಗೊಂಡ ‘ದಿವ್ಯಾಂಗ’ ಶಬ್ದದ ಸಮಸ್ಯೆ ಇದಕ್ಕೆ ತದ್ವಿರುದ್ಧವಾದುದು. ಅದು ಊನವನ್ನು ದೈವೀಕರಿಸುತ್ತದೆ. ದಿವ್ಯವಾದುದಕ್ಕೆ ಇಳಿಜಾರು ಹಾದಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಆ ಪದದಲ್ಲಿ ಉತ್ತರವಿಲ್ಲ. ವಿಶ್ವಸಂಸ್ಥೆಯ ಸಂಬಂಧಿತ ಸಮಿತಿಯು ೨೦೧೯ರಲ್ಲಿ ಭಾರತದ ವರದಿಯನ್ನು ಪರಿಶೀಲಿಸಿದಾಗ ಈ ಶಬ್ದವು ವಿವಾದಾಸ್ಪದವಾಗಿದೆ ಎಂಬುದನ್ನು ದಾಖಲಿಸಿತು. ಪ್ರಸ್ತುತ ಲೇಖನದಲ್ಲಿ ‘ಅಂಗವೈಕಲ್ಯವುಳ್ಳ ವ್ಯಕ್ತಿ’ ಎಂಬ ತುಸು ಉದ್ದವಾದ ಪ್ರಯೋಗವನ್ನೇ ಉಳಿಸಿಕೊಳ್ಳಲಾಗಿದೆ. ಇದರಲ್ಲಿ ವ್ಯಕ್ತಿಯೇ ಪ್ರಧಾನ ಪದವೆಂಬುದು ಅದಕ್ಕೆ ಕಾರಣ.

ಇನ್ನು ಕ್ರಿಯಾಪದದ ಕಡೆಗೆ ಬರಬಹುದು. ಸಂವಿಧಾನದ ೧೫ನೆಯ ಅನುಚ್ಛೇದವು ತಾರತಮ್ಯವನ್ನು ನಿಷೇಧಿಸುವಾಗ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳನ್ನು ಹೆಸರಿಸುತ್ತದೆ. ಅಂಗವೈಕಲ್ಯದ ಹೆಸರು ಅಲ್ಲಿಲ್ಲ. ಅದು ಕಾಣಿಸುವುದು ೪೧ನೆಯ ಅನುಚ್ಛೇದದಲ್ಲಿ, ಅಂದರೆ ನ್ಯಾಯಾಲಯಗಳ ಮೂಲಕ ಜಾರಿಗೊಳಿಸಲಾಗದ ನಿರ್ದೇಶಕ ತತ್ತ್ವಗಳಲ್ಲಿ. ನಿರುದ್ಯೋಗ, ಮುಪ್ಪು, ಕಾಯಿಲೆಗಳ ಸಾಲಿನಲ್ಲಿ ಅಂಗವೈಕಲ್ಯವೂ ಸೇರಿ, ‘ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ’ ರಾಜ್ಯವು ನೆರವಾಗಬೇಕೆಂದು ಅಲ್ಲಿ ಹೇಳಲಾಗಿದೆ. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯ ೯ನೆಯ ನಮೂದು ಅಂಗವಿಕಲರಿಗೂ ಕೆಲಸಕ್ಕೆ ಅಸಮರ್ಥರಾದವರಿಗೂ ‘ಪರಿಹಾರ’ ಕೊಡುವ ವಿಷಯವನ್ನು ರಾಜ್ಯಗಳಿಗೆ ವಹಿಸುತ್ತದೆ. ಬರ ಪರಿಹಾರ, ನೆರೆ ಪರಿಹಾರ ಎನ್ನುವಾಗ ನಾವು ಬಳಸುವ ಪದವೇ ಇದು. ಬರವು ಮಳೆ ಬಂದರೆ ಮುಗಿಯುತ್ತದೆ, ನೆರೆಯು ಇಳಿಯುತ್ತದೆ. ಒಬ್ಬ ಮನುಷ್ಯನ ಇಡೀ ಬಾಳನ್ನು ಆ ಪದದಡಿಯಲ್ಲಿ ಇಡಲಾಗಿತ್ತು.

ಕನ್ನಡ ನಾಡಿನಲ್ಲಿ ಈ ‘ಪರಿಹಾರ’ಕ್ಕಿಂತ ಎಷ್ಟೋ ಘನತೆಯುಳ್ಳ ಪರಂಪರೆಯೊಂದು ಆಗಲೇ ಇತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪), ಅವರ ನಂತರ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅಂಧ ಮಕ್ಕಳಿಗೆ ಅನ್ನ, ವಸತಿ, ಸಂಗೀತವಿದ್ಯೆಗಳನ್ನು ನೀಡಿದ್ದು ಯಾವ ಅಧಿನಿಯಮದ ಬಲದಿಂದಲೂ ಅಲ್ಲ. ಸ್ವತಃ ದೃಷ್ಟಿಯಿಲ್ಲದ ಗುರುಗಳು ನಡೆಸಿದ ಈ ದಾಸೋಹವನ್ನು ‘ದಾನ’ವೆಂದು ಬದಿಗೆ ಸರಿಸುವುದು ಅವಿವೇಕವಾದೀತು. ಆದರೂ ಒಂದು ಮಾತನ್ನು ಹೇಳಲೇಬೇಕು: ಅಲ್ಲಿಗೆ ತಲುಪದ ಮಗು, ಸಂಗೀತದ ಬದಲು ರಸಾಯನಶಾಸ್ತ್ರವನ್ನು ಓದಬಯಸಿದ ಮಗು, ತನ್ನ ಊರಿನ ಶಾಲೆಯನ್ನೇ ಕೇಳಿದ ಮಗು ಯಾರ ಮುಂದೆ ನಿಲ್ಲಬೇಕಿತ್ತು? ಹಕ್ಕಿನ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಆ ಪ್ರಶ್ನೆಗೆ ಮೊದಲ ಉತ್ತರವಾಗಿ ಬಂದದ್ದು ೧೯೯೫ರಲ್ಲಿ ಸಂಸತ್ತು ಅಂಗೀಕರಿಸಿದ, ೧೯೯೬ರ ಫೆಬ್ರವರಿ ೭ರಂದು ಜಾರಿಗೆ ಬಂದ ಅಧಿನಿಯಮ. ಸಮಾನ ಅವಕಾಶ, ಹಕ್ಕುಗಳ ಸಂರಕ್ಷಣೆ, ಪೂರ್ಣ ಭಾಗವಹಿಸುವಿಕೆ ಎಂಬ ಮೂರು ಮಾತುಗಳೂ ಅದರ ಹೆಸರಿನಲ್ಲಿಯೇ ಇದ್ದವು. ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ ಸರ್ಕಾರಿ ಹುದ್ದೆಗಳಲ್ಲಿ ಶೇ. ೩ರ ಮೀಸಲಾತಿಯನ್ನು ಅದು ವಿಧಿಸಿತು. ಆದರೆ ಸಾರಿಗೆ, ರಸ್ತೆ, ಕಟ್ಟಡಗಳನ್ನು ಕುರಿತ ೪೪ರಿಂದ ೪೬ರವರೆಗಿನ ಪ್ರಕರಣಗಳನ್ನು ಓದಿದಾಗ ೪೧ನೆಯ ಅನುಚ್ಛೇದದ ಹಳೆಯ ಪದಗುಚ್ಛವೇ ಮತ್ತೆ ಎದುರಾಗುತ್ತದೆ: ಸರ್ಕಾರವು ತನ್ನ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ ಒದಗಿಸತಕ್ಕದ್ದು. ವಾಕ್ಯದ ಕೊನೆಯಲ್ಲಿ ‘ತಕ್ಕದ್ದು’ ಇದೆ, ನಡುವಿನ ಗುಚ್ಛವು ಅದನ್ನು ‘ಬಹುದು’ ಆಗಿಸಿಬಿಟ್ಟಿದೆ. ಮೀಸಲಾತಿಯ ವಿಷಯದಲ್ಲಿ ಇಂತಹ ಗುಚ್ಛವಿರಲಿಲ್ಲ. ಆದರೂ ಅಂಗವೈಕಲ್ಯವುಳ್ಳವರಿಗೆ ತಕ್ಕವೆಂದು ಗುರುತಿಸಿದ ಹುದ್ದೆಗಳಲ್ಲಿ ಮಾತ್ರ ಶೇ. ೩ನ್ನು ಎಣಿಸುವ ರೂಢಿ ಬೆಳೆಯಿತು. ವೃಂದದ ಒಟ್ಟು ಖಾಲಿ ಹುದ್ದೆಗಳ ಮೇಲೆಯೇ ಎಣಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದು ೨೦೧೩ರ ಅಕ್ಟೋಬರ್ ೮ರಂದು. ಒಂದು ಲೆಕ್ಕದ ಬಗೆಯನ್ನು ಇತ್ಯರ್ಥಪಡಿಸಲು ಹದಿನೇಳು ವರ್ಷಗಳಿಗೂ ಮೀರಿದ ಅವಧಿ ಕಳೆದುಹೋಯಿತು. ಆ ಅವಧಿಯಲ್ಲಿ ವಯೋಮಿತಿ ದಾಟಿದವರ ಲೆಕ್ಕ ಯಾವ ತೀರ್ಪಿನಲ್ಲಿಯೂ ಬರುವುದಿಲ್ಲ.

ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು ೨೦೦೭ರ ಅಕ್ಟೋಬರ್ ೧ರಂದು ಸ್ಥಿರೀಕರಿಸಿದ ಮೇಲೆ ಹೊಸ ಅಧಿನಿಯಮ ಅನಿವಾರ್ಯವಾಯಿತು. ೨೦೧೬ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿ ೨೦೧೭ರ ಏಪ್ರಿಲ್ ೧೯ರಂದು ಜಾರಿಗೆ ಬಂದ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಬಗ್ಗೆ ಸಾಮಾನ್ಯವಾಗಿ ಹೇಳುವುದು ಅಂಕಿಗಳನ್ನು: ಏಳು ಇದ್ದುದು ಇಪ್ಪತ್ತೊಂದಾಯಿತು, ಹುದ್ದೆಗಳ ಮೀಸಲಾತಿ ಶೇ. ೪ಕ್ಕೆ ಏರಿತು, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. ೫ರಷ್ಟು ಸ್ಥಾನ ಮೀಸಲಾಯಿತು. ಇವು ಮುಖ್ಯವೇ. ಆದರೆ ಪಠ್ಯವನ್ನು ಓದುವವರ ಕಣ್ಣಿಗೆ ಬೀಳಬೇಕಾದ ಬದಲಾವಣೆಗಳು ಬೇರೆ ಇವೆ. ೧೯೯೫ರ ಅಧಿನಿಯಮದ ಪ್ರಕಾರ ಶೇ. ೪೦ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದಿಂದ ‘ಬಳಲುತ್ತಿರುವ’ವನೇ ಅಂಗವೈಕಲ್ಯವುಳ್ಳ ವ್ಯಕ್ತಿ. ಹೊಸ ಅಧಿನಿಯಮದ ಪ್ರಕಾರ ದೀರ್ಘಕಾಲದ ನ್ಯೂನತೆಯು ‘ತಡೆ’ಗಳೊಡನೆ ಸೇರಿದಾಗ ಸಮಾಜದಲ್ಲಿ ಇತರರಿಗೆ ಸಮನಾಗಿ ಭಾಗವಹಿಸಲು ಯಾರಿಗೆ ಅಡ್ಡಿಯಾಗುತ್ತದೆಯೋ ಆ ವ್ಯಕ್ತಿ. ಮೊದಲ ವ್ಯಾಖ್ಯೆಯಲ್ಲಿ ಸಮಸ್ಯೆ ಇರುವುದು ಮೈಯಲ್ಲಿ. ಎರಡನೆಯದರಲ್ಲಿ ಅದು ಮೈಗೂ ಮೆಟ್ಟಿಲಿಗೂ ನಡುವೆ ಇದೆ. ಶೇ. ೪೦ರ ಅಳತೆ ಹೊಸ ಅಧಿನಿಯಮದಲ್ಲಿಯೂ ಉಳಿದಿದೆ, ಆದರೆ ಅದು ಮೀಸಲಾತಿಯಂತಹ ನಿರ್ದಿಷ್ಟ ಸೌಲಭ್ಯಗಳಿಗೆ ಸಂಬಂಧಿಸಿದುದು. ಈ ವ್ಯತ್ಯಾಸದ ಬೆಲೆ ತಿಳಿದದ್ದು ೨೦೨೧ರ ಫೆಬ್ರವರಿ ೧೧ರ ವಿಕಾಸ್ ಕುಮಾರ್ ತೀರ್ಪಿನಲ್ಲಿ. ಬರೆಯುವಾಗ ಕೈ ಸೆಡೆತುಕೊಳ್ಳುವ ಅಭ್ಯರ್ಥಿಗೆ ಶೇ. ೪೦ರ ಪ್ರಮಾಣಪತ್ರವಿಲ್ಲವೆಂದು ಲಿಪಿಕಾರನನ್ನು ನಿರಾಕರಿಸಲಾಗದು, ‘ಸಮಂಜಸ ಹೊಂದಾಣಿಕೆ’ ಎಂಬುದು ಆ ಅಳತೆಯನ್ನು ಮೀರಿದ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಇದರ ಪರಿಣಾಮವಾಗಿ ಅಂತಹ ಅಭ್ಯರ್ಥಿಗಳಿಗಾಗಿ ಕೇಂದ್ರವು ೨೦೨೨ರ ಆಗಸ್ಟಿನಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತು.

ಆರ್ಥಿಕ ಮಿತಿಯ ಆ ಹಳೆಯ ಗುಚ್ಛ ಏನಾಯಿತು? ಸಾಮಾಜಿಕ ಭದ್ರತೆಯನ್ನು ಕುರಿತ ೨೪ನೆಯ ಮತ್ತು ಪುನರ್ವಸತಿಯನ್ನು ಕುರಿತ ೨೭ನೆಯ ಪ್ರಕರಣಗಳಲ್ಲಿ ಅದು ಹಾಗೆಯೇ ಕುಳಿತಿದೆ. ಹಳೆಯ ವಾಹನಗಳ ಮಾರ್ಪಾಡಿನ ವಿಷಯದಲ್ಲಿ ಬೇರೆ ಮಾತುಗಳಲ್ಲಿ ಇಂತಹದೇ ಮಿತಿಯೊಂದಿದೆ. ಆದರೆ ಕಟ್ಟಡಗಳ ವಿಷಯದಲ್ಲಿ ಅದನ್ನು ತೆಗೆದುಹಾಕಲಾಗಿದೆ. ಸುಗಮ ಪ್ರವೇಶದ ಮಾನದಂಡಗಳನ್ನು ಕೇಂದ್ರವು ನಿಯಮಗಳ ಮೂಲಕ ರೂಪಿಸತಕ್ಕದ್ದು (ಪ್ರ. ೪೦), ಅವುಗಳಿಗೆ ಹೊಂದದ ನಕ್ಷೆಗೆ ಅನುಮತಿ ಕೊಡಕೂಡದು (ಪ್ರ. ೪೪), ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಬಂದ ಐದು ವರ್ಷಗಳಲ್ಲಿ ಸರಿಪಡಿಸತಕ್ಕದ್ದು (ಪ್ರ. ೪೫), ಉಲ್ಲಂಘಿಸಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿಗಳವರೆಗೆ, ಮರುಕಳಿಸಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ (ಪ್ರ. ೮೯). ಇಲ್ಲಿ ಸಂಸತ್ತು ಬಳಸಿದ್ದು ನಿಸ್ಸಂದೇಹವಾಗಿ ‘ತಕ್ಕದ್ದು’.

ಆ ‘ತಕ್ಕದ್ದು’ ಸಡಿಲಗೊಂಡದ್ದು ಅಧಿನಿಯಮದಲ್ಲಿ ಅಲ್ಲ, ಅದರ ಅಡಿಯಲ್ಲಿ ೨೦೧೭ರ ಜೂನಿನಲ್ಲಿ ಬಂದ ನಿಯಮಗಳಲ್ಲಿ. ೧೫ನೆಯ ನಿಯಮವು ತಾನೇ ಮಾನದಂಡಗಳನ್ನು ಹೇಳದೆ ಕಟ್ಟಡ, ಸಾರಿಗೆ, ಜಾಲತಾಣಗಳಿಗೆ ಸಂಬಂಧಿಸಿದ ಮಾರ್ಗಸೂಚಿಗಳ ಕಡೆಗೆ ಕೈತೋರಿತು. ಆ ಮಾರ್ಗಸೂಚಿಗಳ ಭಾಷೆಯೋ ಬಹುಪಾಲು ಸಲಹೆಯ ಭಾಷೆ. ದೃಷ್ಟಿದೋಷವುಳ್ಳ ರಾಜೀವ್ ರತೂರಿಯವರು ೨೦೦೫ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ರ ನವೆಂಬರ್ ೮ರಂದು ನೀಡಿದ ತೀರ್ಪು ಈ ಬಿರುಕನ್ನೇ ಹಿಡಿಯಿತು. ಅಧಿನಿಯಮವು ಕಡ್ಡಾಯವಾಗಿಸಿದ್ದನ್ನು ನಿಯಮವು ಶಿಫಾರಸಿನ ಮಟ್ಟಕ್ಕೆ ಇಳಿಸಲಾಗದು, ಆದ್ದರಿಂದ ೧೫(೧)ನೆಯ ನಿಯಮವು ಅಧಿನಿಯಮದ ವ್ಯಾಪ್ತಿಯನ್ನು ಮೀರಿದ್ದು ಎಂದು ಸಾರಿ, ಕನಿಷ್ಠ ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ಬೇರ್ಪಡಿಸಿ ರೂಪಿಸುವಂತೆ ನಿರ್ದೇಶಿಸಿತು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರದ ವರದಿ ಈ ತೀರ್ಪಿಗೆ ಆಧಾರವಾಯಿತು ಎಂಬುದು ವಿಶ್ವವಿದ್ಯಾಲಯದವರಾದ ನಮಗೆ ಗಮನಾರ್ಹ. ತೀರ್ಪು ಇನ್ನೊಂದು ಭೇದವನ್ನೂ ಸ್ಪಷ್ಟಪಡಿಸಿತು. ಸಮಂಜಸ ಹೊಂದಾಣಿಕೆಯು ಒಬ್ಬ ವ್ಯಕ್ತಿ ಬಂದು ಕೇಳಿದಾಗ ಒದಗಿಸುವಂಥದ್ದು. ಸುಗಮ ಪ್ರವೇಶವು ಯಾರೂ ಕೇಳುವ ಮೊದಲೇ ಸಿದ್ಧವಿರಬೇಕಾದದ್ದು. ಒಂದನ್ನು ತೋರಿಸಿ ಮತ್ತೊಂದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಈ ಭೇದವು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಎಂ.ಎ. ತರಗತಿಯಲ್ಲಿ ದೃಷ್ಟಿಯಿಲ್ಲದ ಸಹಪಾಠಿಯೊಬ್ಬರಿಗೆ ನಾವು ಮೂವರು ಸರದಿಯಲ್ಲಿ ಪಠ್ಯಗಳನ್ನು ಓದಿ ಹೇಳುತ್ತಿದ್ದೆವು. ನಮಗೆ ಬಿಡುವಿದ್ದಾಗ ಅವರ ಓದು ನಡೆಯುತ್ತಿತ್ತು, ನಾವು ಊರಿಗೆ ಹೋದಾಗ ನಿಲ್ಲುತ್ತಿತ್ತು. ಅವರು ಒಮ್ಮೆಯೂ ದೂರಲಿಲ್ಲ, ಅದೇ ಈಗ ಹೆಚ್ಚು ಕಾಡುತ್ತದೆ. ಕೆಲವು ವರ್ಷಗಳ ನಂತರ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು ಅವರು ಬಳಸತೊಡಗಿದ ಮೇಲೆ, ನನ್ನ ಪ್ರಬಂಧದ ಎರಡು ಅಧ್ಯಾಯಗಳನ್ನು ಕಳುಹಿಸಿದೆ. ‘ನೀನು ಕಳಿಸಿದ್ದನ್ನು ಇದು ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಅಂತ ಓದುತ್ತಿದೆಯಲ್ಲೇ’ ಎಂದು ಫೋನಿನಲ್ಲಿ ನಕ್ಕರು. ನಾನು ಬೆರಳಚ್ಚು ಮಾಡಿಸಿದ್ದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ. ಆ ವಿನ್ಯಾಸಗಳಲ್ಲಿ ಪರದೆಯ ಮೇಲೆ ಕನ್ನಡ ಕಾಣಿಸಿದರೂ ಗಣಕದ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳು. ಕಿವಿಯಿಂದ ಓದುವವರಿಗೆ ಅದು ಕನ್ನಡವೇ ಅಲ್ಲ.

ನಮ್ಮ ಸಂಶೋಧನ ಪತ್ರಿಕೆಗಳು, ಅಧ್ಯಯನ ಸಾಮಗ್ರಿ, ಪಿಎಚ್.ಡಿ. ಪ್ರಬಂಧಗಳು ಎರಡು ದಶಕಗಳಿಂದ ಬಹುಪಾಲು ಈ ಸಂಕೇತಗಳಲ್ಲಿಯೇ ಸಂಗ್ರಹವಾಗಿವೆ. ಅಧಿನಿಯಮದ ೪೨ನೆಯ ಪ್ರಕರಣವು ಮುದ್ರಿತ ಮತ್ತು ವಿದ್ಯುನ್ಮಾನ ಮಾಧ್ಯಮಗಳ ಸಾಮಗ್ರಿಯು ಸುಗಮ ರೂಪದಲ್ಲಿ ದೊರೆಯುವಂತೆ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ಕೃತಿಸ್ವಾಮ್ಯದ ತೊಡಕನ್ನು ಮುಂದಿಡುವಂತೆಯೂ ಇಲ್ಲ. ೨೦೧೨ರ ತಿದ್ದುಪಡಿಯು ಅಂಗವೈಕಲ್ಯವುಳ್ಳವರ ಬಳಕೆಗಾಗಿ ಲಾಭದ ಉದ್ದೇಶವಿಲ್ಲದೆ ಕೃತಿಗಳನ್ನು ಸುಗಮ ರೂಪಕ್ಕೆ ತರುವುದಕ್ಕೆ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರ್ರಾಕೇಷ್ ಒಪ್ಪಂದವನ್ನು ೨೦೧೪ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ. ೨೯ನೆಯ ಪ್ರಕರಣವಂತೂ ನೇರವಾಗಿ ನಮ್ಮ ಕ್ಷೇತ್ರಕ್ಕೇ ಬರುತ್ತದೆ: ಅಂಗವೈಕಲ್ಯವುಳ್ಳ ಕಲಾವಿದರಿಗೂ ಬರಹಗಾರರಿಗೂ ಬೆಂಬಲ ನೀಡಬೇಕು, ಅಂಗವೈಕಲ್ಯದ ಚಾರಿತ್ರಿಕ ಅನುಭವಗಳನ್ನು ದಾಖಲಿಸಿ ವ್ಯಾಖ್ಯಾನಿಸುವ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಬೇಕು ಎಂಬ ಮಾತುಗಳು ಅಲ್ಲಿವೆ. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ೧೩ ಲಕ್ಷಕ್ಕೂ ಮಿಕ್ಕಿ, ದೇಶದಲ್ಲಿ ೨.೬೮ ಕೋಟಿ ಅಂಗವೈಕಲ್ಯವುಳ್ಳ ವ್ಯಕ್ತಿಗಳಿದ್ದರು. ಏಳೇ ಬಗೆಗಳನ್ನು ಗುರುತಿಸುತ್ತಿದ್ದ ಕಾಲದ ಎಣಿಕೆ ಅದು. ಇಷ್ಟು ಜನರ ಅನುಭವದಲ್ಲಿ ಕನ್ನಡದ ಮಾತು, ಗಾದೆ, ಕಥನಗಳು ಹೇಗೆ ಕೆಲಸ ಮಾಡಿವೆ ಎಂಬ ಅಧ್ಯಯನಕ್ಕೆ ಕಾನೂನೇ ಆಸ್ಪದ ಮಾಡಿಕೊಟ್ಟಿರುವಾಗ ವಿಭಾಗಗಳು ಕಾಯುತ್ತಿರುವುದು ಯಾವುದಕ್ಕೆ ಎಂದು ತಿಳಿಯದು.

ನನ್ನ ಅಧ್ಯಾಯಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒಡೆದುಹೋದ ಒತ್ತಕ್ಷರಗಳನ್ನು ಕೈಯಿಂದ ತಿದ್ದಿ ಮತ್ತೆ ಕಳುಹಿಸಲು ನಾಲ್ಕು ಸಂಜೆಗಳು ಬೇಕಾದವು. ಅವರು ಎರಡೇ ದಿನಗಳಲ್ಲಿ ಕೇಳಿ ಮುಗಿಸಿ, ಎರಡನೆಯ ಅಧ್ಯಾಯದಲ್ಲಿ ನಾನು ಒಂದು ವಚನವನ್ನು ಬೇರೊಬ್ಬ ವಚನಕಾರರ ಹೆಸರಿಗೆ ಹಾಕಿರುವುದನ್ನು ತೋರಿಸಿಕೊಟ್ಟರು. ಕಣ್ಣಿದ್ದ ನಾಲ್ವರು ಅದನ್ನು ಅದಕ್ಕೆ ಮೊದಲೇ ಓದಿದ್ದರು.