ಹಿತ್ತಿಲ ಕೋಳಿ: ಮನೆಯ ಜೀವವೋ, ಅಡುಗೆಯ ಪದಾರ್ಥವೋ?

'ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?' ಎಂಬ ಗಾದೆಯನ್ನು ಮಾಂಸ ಮುಟ್ಟದ ಮನೆಗಳವರೂ ಸಲೀಸಾಗಿ ಆಡುತ್ತಾರೆ. ಅಶಕ್ತರ ಇಷ್ಟಾನಿಷ್ಟಗಳನ್ನು ಯಾರೂ ವಿಚಾರಿಸುವುದಿಲ್ಲವೆಂಬುದೇ ಅದರ ತಾತ್ಪರ್ಯ. ಆದರೆ ಸ್ವಾವಲಂಬಿ ಜೀವನವನ್ನು ಅರಸಿ ಹಿತ್ತಿಲಲ್ಲಿ ಕೋಳಿ ಸಾಕಿದ ಪಶ್ಚಿಮದೇಶಗಳ ಅನೇಕ ಕುಟುಂಬಗಳು ಕೋಳಿಯನ್ನಲ್ಲದಿದ್ದರೂ ತಮ್ಮ ಮನಸ್ಸನ್ನಾದರೂ ಕೇಳಿಕೊಳ್ಳಬೇಕಾಗಿ ಬಂದಿದೆ. ಕೋಳಿ ಸಾಕದ, ತಿನ್ನದ ನಮ್ಮ ಓದುಗ ಬಂಧುಗಳಿಗೆ ಈ ವಿಚಾರವೇಕೆಂದು ತೋರಬಹುದು. ಆ ಪ್ರಶ್ನೆ ಕಟ್ಟಕಡೆಗೆ ನಮ್ಮ ದನದ ಕೊಟ್ಟಿಗೆಗೂ ಬಂದು ನಿಲ್ಲುವುದರಿಂದ ಅದನ್ನಿಲ್ಲಿ ಎತ್ತಿಕೊಂಡಿದ್ದೇವೆ.

ಯುದ್ಧಕಾಲದ ಹಿತ್ತಿಲು

ಹಿತ್ತಿಲ ಕೋಳಿಗೆ ಮಹತ್ವ ಬಂದದ್ದು ಅಭಾವದ ದಿನಗಳಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರವು ಮನೆಯ ಪ್ರತಿಯೊಬ್ಬರಿಗೆ ಎರಡರಂತೆ ಹೇಂಟೆಗಳನ್ನು ಸಾಕಿರೆಂದು ಭಿತ್ತಿಪತ್ರಗಳ ಮೂಲಕ ಪ್ರಜೆಗಳಿಗೆ ಕರೆಕೊಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಥಿತಿ ಇನ್ನೂ ಬಿಗಿಯಾಯಿತು. 1941ರಲ್ಲಿ ಅಲ್ಲಿ ಮೊಟ್ಟೆಯೂ ಪಡಿತರಕ್ಕೆ ಸೇರಿತು. ಒಬ್ಬರಿಗೆ ವಾರಕ್ಕೆ ಒಂದು ಸಿಕ್ಕರೆ ಸಿಕ್ಕಿತು. ತಮ್ಮ ಪಾಲಿನ ಮೊಟ್ಟೆಯನ್ನು ಬಿಟ್ಟುಕೊಟ್ಟ ಕುಟುಂಬಗಳಿಗೆ ಸರ್ಕಾರ ಕೋಳಿಯ ಹಿಟ್ಟನ್ನು ಒದಗಿಸುತ್ತಿತ್ತು. ಗೃಹಿಣಿಯರು ತರಕಾರಿಯ ಸಿಪ್ಪೆ, ಊಟದ ಉಳಿಕೆಗಳನ್ನು ಬೇಯಿಸಿ ಆ ಹಿಟ್ಟಿನೊಡನೆ ಕಲಸಿ ಹಾಕುತ್ತಿದ್ದರು. ಆ ಹಸಿವಿನ ಕಾಲದಲ್ಲಿ ಮೊಟ್ಟೆ ನಿಲ್ಲಿಸಿದ ಕೋಳಿ ಅಡುಗೆಮನೆಗೆ ಹೋಗುವುದು ಸಹಜವೆನಿಸಿತ್ತು.

ಕಾಲ ಬದಲಾದಂತೆ ಕಾನೂನೂ ಬದಲಾಯಿತು. ಇಂದು ಅದೇ ಬ್ರಿಟನ್ನಿನಲ್ಲಿ ರೋಗ ಹರಡುವ ಭಯದಿಂದ ಅಡುಗೆಮನೆಯ ಉಳಿಕೆಯನ್ನು ಕೋಳಿಗೆ ಹಾಕುವಂತಿಲ್ಲ. ಸಸ್ಯಾಹಾರಿಗಳ ಮನೆಗೂ ಈ ನಿಷೇಧ ಉಂಟು. ಹಾಲು-ಬೆಣ್ಣೆಯನ್ನೂ ಬಳಸದ ಅಡುಗೆಮನೆಗೆ ಮಾತ್ರ ವಿನಾಯಿತಿ. ಹಕ್ಕಿಜ್ವರದ ಹಾವಳಿಯಿಂದಾಗಿ 2024ರ ಅಕ್ಟೋಬರ್‌ನಿಂದ ಇಂಗ್ಲೆಂಡಿನಲ್ಲಿ ಒಂದೇ ಒಂದು ಕೋಳಿ ಸಾಕಿದವರೂ ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕಾಗಿದೆ.

ಸ್ವಾವಲಂಬನೆಯ ಕನಸು

ಅಭಾವ ತೀರಿದ ಮೇಲೆ ಜನ ತಾವಾಗಿಯೇ ಕೋಳಿ ಸಾಕಲು ತೊಡಗಿದ್ದು ವಿಶೇಷ. ಜಾನ್ ಸೆಮೋರ್ ಎಂಬ ಆಂಗ್ಲ ಲೇಖಕರು ತಮ್ಮ ಕುಟುಂಬದ ಆಹಾರವನ್ನು ತಾವೇ ಬೆಳೆದು ಬಾಳಿದ ಅನುಭವವನ್ನು 1961ರಲ್ಲಿ ಪುಸ್ತಕವಾಗಿಸಿದರು. ಸ್ವಾವಲಂಬನೆಯನ್ನು ಕುರಿತ ಅವರ 1976ರ ಗ್ರಂಥ ಲೋಕಪ್ರಸಿದ್ಧವಾಯಿತು. ಪ್ರಾಣಿಯನ್ನು ಚೆನ್ನಾಗಿ ಸಾಕಬೇಕು, ಸಮಯ ಬಂದಾಗ ಅದನ್ನು ಆಹಾರವಾಗಿ ಬಳಸಬೇಕು ಎಂಬುದು ಅವರು ನಡೆದ ದಾರಿ. ಅದೇ ಕಾಲಕ್ಕೆ, 1975ರಿಂದ 1978ರವರೆಗೆ, ಪಟ್ಟಣದ ಹಿತ್ತಿಲಲ್ಲಿ ಬೇಸಾಯ ಹೂಡಿದ ದಂಪತಿಗಳ ಹಾಸ್ಯ ಧಾರಾವಾಹಿಯೊಂದು ಬಿಬಿಸಿ ದೂರದರ್ಶನದಲ್ಲಿ ಮನೆಮಾತಾಯಿತು. ಅದರಲ್ಲಿ ಮೇಕೆಯ ಹೆಸರು ಜೆರಾಲ್ಡೀನ್, ಹುಂಜದ ಹೆಸರು ಲೆನಿನ್!

ಹೆಸರಿಡುವುದು ಸಣ್ಣ ಸಂಗತಿಯೆಂದು ತೋರಿದರೂ ಇಲ್ಲಿಯೇ ಗಂಟು ಬೀಳುವುದು. ಮಕ್ಕಳು ಹೆಸರಿಟ್ಟು ಕರೆದ ಜೀವವು ಅಂದಿನಿಂದ ಲೆಕ್ಕದ ವಸ್ತುವಾಗಿ ಉಳಿಯುವುದಿಲ್ಲ. ಕೋಳಿಯೂ ನಾವೆಣಿಸಿದಷ್ಟು ಮಂದಬುದ್ಧಿಯ ಪ್ರಾಣಿಯಲ್ಲ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡರುಪ್-ಎಬ್ಬೆ ಅವರು ಬಾಲ್ಯದಿಂದಲೂ ಹೇಂಟೆಗಳನ್ನು ನೋಡುತ್ತ ಬಂದು, ಒಂದು ಗುಂಪಿನ ಕೋಳಿಗಳು ಪರಸ್ಪರ ಗುರುತು ಹಿಡಿಯುತ್ತವೆ, ಯಾರು ಯಾರನ್ನು ಕುಕ್ಕಬಹುದೆಂಬ ಮೇಲು-ಕೀಳಿನ ಕ್ರಮವನ್ನು ನೆನಪಿಟ್ಟು ನಡೆಯುತ್ತವೆ ಎಂದು 1921ರಷ್ಟು ಹಿಂದೆಯೇ ನಿರೂಪಿಸಿದರು.

ಮೊಟ್ಟೆ ನಿಂತ ಮೇಲೆ

2020ರ ಕೊರೋನಾ ದಿಗ್ಬಂಧನದಲ್ಲಿ ಅಮೆರಿಕದ ಅನೇಕ ಕುಟುಂಬಗಳು ಕೋಳಿಮರಿಗಳನ್ನು ಕೊಂಡುತಂದವು. ಹಕ್ಕಿಜ್ವರದಿಂದ ಕೋಟ್ಯಂತರ ಕೋಳಿಗಳು ನಾಶವಾಗಿ, 2025ರ ಮಾರ್ಚ್‌ನಲ್ಲಿ ಅಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರನ್ನು ಮೀರಿದಾಗ ಮತ್ತೆ ಹಲವರ ಗಮನ ಹಿತ್ತಿಲ ಕಡೆಗೆ ಹರಿಯಿತು. ಆದರೆ ಮರಿಯನ್ನು ತರುವಾಗ ಬಹಳಷ್ಟು ಜನ ಕೇಳಿಕೊಳ್ಳದ ಲೆಕ್ಕ ಒಂದುಂಟು.

ಹೇಂಟೆಯು ಸುಮಾರು ಐದು ತಿಂಗಳಿಗೆ ಮೊಟ್ಟೆಯಿಡತೊಡಗುತ್ತದೆ. ಮಿಶ್ರತಳಿಯದಾದರೆ ಮೊದಲ ವರ್ಷದಲ್ಲಿ 300ರ ಸಮೀಪಕ್ಕೂ ಮುಟ್ಟುತ್ತದೆ. ಅಲ್ಲಿಂದ ಮುಂದೆ ವರ್ಷದಿಂದ ವರ್ಷಕ್ಕೆ ಇಳಿಮುಖ. ಹಗಲು ಕಿರಿದಾದಾಗ, ಪುಕ್ಕ ಉದುರುವಾಗ ಮೊಟ್ಟೆ ನಿಂತೇಹೋಗುತ್ತದೆ. ಆದರೆ ಆಯುಷ್ಯ ಮಾತ್ರ ಐದರಿಂದ ಎಂಟು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು. ದಿನಕ್ಕೆ 115 ಗ್ರಾಂ ಮೇವೆಂದರೂ ವರ್ಷಕ್ಕೆ ಒಂದು ಕೋಳಿಗೆ 40 ಕಿಲೋಗ್ರಾಂ ಮೀರುತ್ತದೆ. ಅಂದರೆ ಎರಡು-ಮೂರು ವರ್ಷ ಕೊಟ್ಟ ಜೀವವನ್ನು ಅದಕ್ಕಿಂತ ಹೆಚ್ಚು ಕಾಲ ಸುಮ್ಮನೆ ಸಾಕಬೇಕಾಗುತ್ತದೆ.

ಇನ್ನೊಂದು ಕಷ್ಟ ಹುಂಜದ್ದು. ಮೊಟ್ಟೆಯೊಡೆದು ಬರುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಮೊಟ್ಟೆಯ ತಳಿಯ ಗಂಡುಮರಿ ಮೊಟ್ಟೆಯನ್ನಂತೂ ಇಡದು, ಮಾಂಸಕ್ಕೂ ಲಾಭದಾಯಕವಲ್ಲ. ಆದುದರಿಂದ ಮರಿ ಮಾಡಿಸುವ ಕಾರ್ಖಾನೆಗಳಲ್ಲಿ ಹುಟ್ಟಿದ ದಿನವೇ ಅವನ್ನು ಕೊಲ್ಲುವುದು ವಾಡಿಕೆ. ಜರ್ಮನಿ ದೇಶವು 2022ರ ಜನವರಿ 1ರಿಂದ ಇದನ್ನು ನಿಷೇಧಿಸಿ, ಮೊಟ್ಟೆಯೊಳಗಿರುವಾಗಲೇ ಲಿಂಗವನ್ನು ಗುರುತಿಸುವ ತಂತ್ರಕ್ಕೆ ದಾರಿಮಾಡಿತು. ಹೇಂಟೆಮರಿಗಳನ್ನಷ್ಟೇ ಕೊಂಡುತಂದು ಮುದ್ದಿನಿಂದ ಸಾಕಿದವರೂ ಆ ಗಂಡುಮರಿಗಳ ಗತಿಯಿಂದ ಪೂರ್ತಿ ಹೊರತಾಗಿಲ್ಲ.

ಮೂರು ದಾರಿಗಳು

ಈ ಇಕ್ಕಟ್ಟಿನಲ್ಲಿ ಕುಟುಂಬಗಳು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುತ್ತವೆ. ಮೊದಲನೆಯದು ಸೆಮೋರ್ ಅವರದು: ಕೋಳಿ ಆಹಾರವೇ ಎಂದು ಆರಂಭದಲ್ಲಿಯೇ ಒಪ್ಪಿ ಅದರಂತೆ ನಡೆಯುವುದು. ಎರಡನೆಯದು ಕೋಳಿಯನ್ನು ಕಡೆಯವರೆಗೂ ಸಾಕುವುದು. ಮೊಟ್ಟೆ ನಿಂತರೂ ಅದು ಹುಳುಹುಪ್ಪಟೆಗಳನ್ನು ಹೆಕ್ಕುತ್ತದೆ, ತಿಪ್ಪೆ ಕೆದರುತ್ತದೆ, ಗೊಬ್ಬರ ಕೊಡುತ್ತದೆ. 2005ರಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಹುಟ್ಟಿದ ಒಂದು ಕೋಳಿ ಸಂರಕ್ಷಣಾ ಸಂಸ್ಥೆಯಂತೂ, ಕಸಾಯಿಖಾನೆಗೆ ಹೊರಟ ಫಾರಂ ಕೋಳಿಗಳನ್ನು ಲಕ್ಷಗಟ್ಟಲೆ ಬಿಡಿಸಿ ಮನೆಗಳಿಗೆ ಸೇರಿಸಿದೆ. ಮೂರನೆಯದು ನಿರ್ಧರಿಸದೆ ಇರುವುದು: ಮೊಟ್ಟೆ ಬರುವಷ್ಟು ದಿನ ಅಕ್ಕರೆಯಿಂದಿದ್ದು, ಆಮೇಲೆ ಯಾರಿಗೋ ದಾಟಿಸಿ, ಅವರು ಏನು ಮಾಡಿದರೆಂದು ಕೇಳದೆ ಇರುವುದು.

ಮೊದಲನೆಯ ದಾರಿಯನ್ನು ನಾವು ಒಪ್ಪುವವರಲ್ಲ. ಆದರೆ ಅದರಲ್ಲಿ ಮುಚ್ಚುಮರೆಯಿಲ್ಲವೆಂಬುದನ್ನು ಒಪ್ಪಲೇಬೇಕು. ಮೂರನೆಯದರಲ್ಲಿ ಕೈಗೆ ರಕ್ತ ಅಂಟುವುದಿಲ್ಲ. ಹೊಣೆ ಮಾತ್ರ ತಪ್ಪುವುದಿಲ್ಲ.

ನಮ್ಮ ಕೊಟ್ಟಿಗೆಯ ಮಾತು

ಕಾಯಕವನ್ನು ನಂಬಿದ ಮನೆಗಳಿಗೆ ಸ್ವಾವಲಂಬನೆ ಹೊಸ ಮಾತಲ್ಲ. ಹಿತ್ತಿಲಲ್ಲಿ ಸೊಪ್ಪು, ಕೊಟ್ಟಿಗೆಯಲ್ಲಿ ಕರಾವು, ಹೊಲದಲ್ಲಿ ಜೋಳ ಇದ್ದರೆ ಸಂಸಾರ ಸಾಗುತ್ತದೆಂದು ಹಿರಿಯರು ಹೇಳುತ್ತಿದ್ದರು. ಆದರೆ ಮೊಟ್ಟೆಗೆ ಅನ್ವಯಿಸಿದ ಲೆಕ್ಕವೇ ಹಾಲಿಗೂ ಅನ್ವಯಿಸುತ್ತದೆ. ಹಸು ಈಯದೆ ಹಾಲಿಲ್ಲ. ಈದ ಕರುಗಳಲ್ಲಿ ಅರ್ಧ ಹೋರಿಗರು. ಹಿಂದೆ ಆ ಹೋರಿಗರು ನೊಗಕ್ಕೆ ಆಗುತ್ತಿತ್ತು. ಟ್ರ್ಯಾಕ್ಟರ್, ಟಿಲ್ಲರುಗಳು ಬಂದ ಮೇಲೆ ನೊಗವೇ ಅಟ್ಟ ಸೇರಿದೆ. ಹೆಣ್ಣುಕರುವೇ ಹುಟ್ಟುವಂತೆ ವಿಂಗಡಿಸಿದ ವೀರ್ಯದ ಕಡ್ಡಿಗಳು ಈಗ ನಮ್ಮ ಹೈನುಗಾರರಿಗೂ ದೊರೆಯುತ್ತಿವೆ. ಹೋರಿಗರುವಿನ ಪ್ರಶ್ನೆಯನ್ನು ಅದು ಕಡಿಮೆ ಮಾಡೀತು. ಬತ್ತಿದ ಹಸುವಿನ ಪ್ರಶ್ನೆಯನ್ನಲ್ಲ.

ಹತ್ತು ವರ್ಷ ಹಾಲೆರೆದ ಹಸುವಿಗೆ ಲಕ್ಷ್ಮಿಯೆಂದೋ ಗೌರಿಯೆಂದೋ ಹೆಸರಿಟ್ಟು, ದೀಪಾವಳಿಯಲ್ಲಿ ಆರತಿಯೆತ್ತಿ, ಬತ್ತಿದೊಡನೆ ಹಗ್ಗವನ್ನು ಇನ್ನೊಬ್ಬರ ಕೈಗಿತ್ತು ಮುಖ ತಿರುಗಿಸುವುದು ಮೇಲೆ ಹೇಳಿದ ಮೂರನೆಯ ದಾರಿಯೇ ಅಲ್ಲವೇ? ಬಡ ರೈತನ ಸಂಕಟವನ್ನು ನಾವು ಅರಿಯದವರಲ್ಲ. ಮೇವಿನ ಬೆಲೆ, ಮಗಳ ಮದುವೆ, ಬ್ಯಾಂಕಿನ ಸಾಲ ಇವೆಲ್ಲವೂ ನಿಜ. ಅದಕ್ಕೆಂದೇ ನಿರ್ಧಾರವನ್ನು ಕಷ್ಟದ ದಿನಕ್ಕೆ ಉಳಿಸದೆ, ಕರುವನ್ನು ತರುವ ದಿನವೇ ಮನೆಮಂದಿ ಕುಳಿತು ಮಾಡುವುದು ಲೇಸು.

ಮುದಿ ಹಸು ಪೂರ್ತಿ ಭಾರವೂ ಅಲ್ಲ. ದಿನಕ್ಕೆ ಸುಮಾರು ಹತ್ತು ಕಿಲೋ ಸಗಣಿ ಅದರಿಂದಲೂ ದೊರೆಯುತ್ತದೆ. ಸುಭಾಷ್ ಪಾಳೇಕರ್ ಅವರ ಕೃಷಿಪದ್ಧತಿಯಲ್ಲಿ ಒಂದು ಎಕರೆಗೆ ಬೇಕಾದ 200 ಲೀಟರ್ ಜೀವಾಮೃತಕ್ಕೆ ಅಷ್ಟು ಸಗಣಿ ಸಾಕು. ಡೇರಿಯ ಬಟವಾಡೆ ಬಂದಾಗಲೆಲ್ಲ ಒಂದಿಷ್ಟನ್ನು ಹಸುವಿನ ಮುಪ್ಪಿಗೆಂದು ತೆಗೆದಿರಿಸಿದರೆ ಬತ್ತಿದ ಕಾಲಕ್ಕೆ ಮೇವಿನ ಹೊರೆ ಒಮ್ಮೆಲೇ ಮೈಮೇಲೆ ಬೀಳದು. ಸಾಕಲಾರೆವೆಂದು ತೋರಿದರೆ ಎರಡು ಹಸುಗಳ ಬದಲು ಒಂದನ್ನೇ ಕಟ್ಟಬಹುದು. ಮನೆಯ ಮಕ್ಕಳು ಈ ಮಾತುಕತೆಯನ್ನು ಕೇಳಲಿ. ಕರುವಿಗೆ ಹೆಸರಿಡುವವರು ಅವರೇ. ಅದರ ಮುಪ್ಪಿಗೆ ಏನು ವ್ಯವಸ್ಥೆಯಾಗಿದೆಯೆಂದು ತಿಳಿಯುವ ಹಕ್ಕೂ ಅವರಿಗಿದೆ.